ಸೋರಿಯಾಸಿಸ್‌ಗೆ ಲೇಸರ್ ಮತ್ತು ಮುಲಾಮು: ಎರಡನ್ನೂ ಜೊತೆಯಾಗಿ ನಡೆಸುವ ಕ್ರಮ

ಮೊಣಕೈ, ಮೊಣಕಾಲು, ನೆತ್ತಿ, ಅಂಗೈಗಳಲ್ಲಿ ವರ್ಷಗಟ್ಟಲೆ ಜಗ್ಗದೆ ಕುಳಿತ ಸೋರಿಯಾಸಿಸ್ ಕಲೆಗಳಿಗೆ ಮುಂಬಯಿಯ ಚರ್ಮರೋಗ ತಜ್ಞರು ಎಕ್ಸೈಮರ್ ಲೇಸರ್ ಚಿಕಿತ್ಸೆಯನ್ನು ಸೂಚಿಸುವುದುಂಟು; ಅದರ ಜೊತೆಗೆ ಒಂದೋ ಎರಡೋ ಮುಲಾಮುಗಳನ್ನೂ ಬರೆದುಕೊಡುತ್ತಾರೆ. ಚೀಟಿಯಲ್ಲಿ ಎರಡೂ ಇರುತ್ತವೆ. ಆದರೆ ಯಾವುದನ್ನು ಯಾವ ಹೊತ್ತಿಗೆ, ಯಾವುದರ ಮೊದಲು, ಯಾವುದರ ನಂತರ ಎಂಬ ಮಾತು ಹೊರಗೆ ಕಾದಿರುವ ರೋಗಿಗಳ ಗದ್ದಲದಲ್ಲಿ ಅರ್ಧ ಕೇಳಿಸಿ ಅರ್ಧ ಬಿಟ್ಟುಹೋಗುತ್ತದೆ. ಚಿಕಿತ್ಸೆಯ ಫಲ ಬಹುಮಟ್ಟಿಗೆ ನಿಂತಿರುವುದು ಆ ಬಿಟ್ಟುಹೋದ ಅರ್ಧದ ಮೇಲೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಡೊಂಬಿವಲಿಯಿಂದ ದಾದರಿಗೆ ವಾರಕ್ಕೆ ಎರಡು ಸಲ ಲೋಕಲ್ ಹಿಡಿದು ಹೋಗುತ್ತಿದ್ದ ಮೊದಲ ಮೂರು ವಾರ, ಮದ್ದು ಒಂದು ದಿನವೂ ತಪ್ಪಬಾರದೆಂಬ ಶ್ರದ್ಧೆಯಿಂದ, ಬೆಳಿಗ್ಗೆ ಸ್ನಾನವಾದ ಕೂಡಲೇ ಎರಡೂ ಮೊಣಕಾಲಿಗೆ ಸ್ಯಾಲಿಸಿಲಿಕ್ ಆಮ್ಲವಿರುವ ಮುಲಾಮನ್ನು ದಪ್ಪಗೆ ಹಚ್ಚಿಕೊಂಡು, ಅದರ ಮೇಲೆ ಪ್ಯಾಂಟು ಹಾಕಿಕೊಂಡು ಹೊರಡುತ್ತಿದ್ದೆ. ಆರು ಸಲ ಲೇಸರ್ ಆದರೂ ಕಲೆ ಇದ್ದಂತೆಯೇ ಇತ್ತು. ಏಳನೆಯ ಸಲ ಹೊಸದಾಗಿ ಬಂದ ತಂತ್ರಜ್ಞೆ ಯಂತ್ರದ ಕೈಹಿಡಿಯನ್ನು ಮುಟ್ಟುವ ಮೊದಲು ಒದ್ದೆ ಹತ್ತಿಯಿಂದ ನನ್ನ ಮೊಣಕಾಲನ್ನು ಒರೆಸಿ, ಆ ಹತ್ತಿಯನ್ನು ನನ್ನ ಕಣ್ಣಿನ ಮುಂದೆ ಹಿಡಿದರು. ಅದರ ಮೇಲೆ ಬೆಣ್ಣೆ ಸವರಿದಂತೆ ಬಿಳಿಯ ಜಿಡ್ಡು ಅಂಟಿತ್ತು. ಅಷ್ಟು ದಿನವೂ ಲೇಸರಿನ ಬೆಳಕಿನ ದೊಡ್ಡ ಪಾಲು ಬಿದ್ದದ್ದು ಆ ಜಿಡ್ಡಿನ ಮೇಲೆ. ನನ್ನ ಚರ್ಮಕ್ಕೆ ತಲುಪಿದ್ದು ಅದರಲ್ಲಿ ಉಳಿದದ್ದು ಮಾತ್ರ. ಸ್ಯಾಲಿಸಿಲಿಕ್ ಆಮ್ಲವು ಈ ಲೇಸರಿನ ನೇರಳಾತೀತ ಬೆಳಕನ್ನು, ಎಂದರೆ ಯುವಿಬಿ ಕಿರಣವನ್ನು, ಹೀರಿಕೊಳ್ಳುತ್ತದೆ ಎಂಬುದನ್ನು ಅಂದಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಯಂತ್ರ ಯಾವುದೆಂದು ಕೇಳಬೇಕು

ಈ ನಗರದಲ್ಲಿ ಲೇಸರ್ ಎಂಬ ಪದ ಕೂದಲು ತೆಗೆಯುವ ಅಂಗಡಿಯಿಂದ ಕಣ್ಣಿನ ಆಸ್ಪತ್ರೆಯವರೆಗೆ ಎಲ್ಲ ಕಡೆಯ ಫಲಕಗಳಲ್ಲೂ ಇದೆ. ಸೋರಿಯಾಸಿಸ್‌ಗೆ ಮುಖ್ಯವಾಗಿ ಬಳಸುವುದು 308 ನ್ಯಾನೋಮೀಟರ್ ತರಂಗದ ಎಕ್ಸೈಮರ್ ಲೇಸರ್. ಕ್ಸೆನಾನ್ ಮತ್ತು ಕ್ಲೋರಿನ್ ಸೇರಿದ ಅನಿಲದಿಂದ ಹುಟ್ಟುವ ಈ ಬೆಳಕು ನೇರಳಾತೀತ ಬಿ ವರ್ಗದ್ದು, ಎಂದರೆ ಯುವಿಬಿ. 1997ರಲ್ಲಿ ಹಂಗೇರಿಯ ವೈದ್ಯರು ಸೋರಿಯಾಸಿಸ್ ಮೇಲೆ ಇದರ ಪರಿಣಾಮವನ್ನು ಮೊದಲು ವರದಿ ಮಾಡಿದರು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದೇ 308 ನ್ಯಾನೋಮೀಟರಿನ ಎಕ್ಸೈಮರ್ ಲ್ಯಾಂಪ್ ಕೂಡ ಇದೆ; ಅದು ಲೇಸರ್ ಅಲ್ಲದಿದ್ದರೂ ಕೆಲಸ ಮಾಡುವ ಬಗೆ ಹತ್ತಿರದ್ದೇ. ಇಡೀ ಮೈಯನ್ನು ಪೆಟ್ಟಿಗೆಯಂಥ ಯಂತ್ರದೊಳಗೆ ನಿಲ್ಲಿಸಿ ಕೊಡುವ ನ್ಯಾರೋಬ್ಯಾಂಡ್ ಯುವಿಬಿ 311 ನ್ಯಾನೋಮೀಟರಿನ ಸುತ್ತಲಿನದು, ಬೇರೆ ಚಿಕಿತ್ಸೆ. ಆದ್ದರಿಂದ ಹಣ ಕಟ್ಟುವ ಮೊದಲು, ನನಗೆ ಕೊಡುವುದು 308ರ ಎಕ್ಸೈಮರ್ ತಾನೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಈ ಲೇಸರಿನ ಗುಣವೆಂದರೆ, ಸಣ್ಣ ಬಿಲ್ಲೆಯಷ್ಟಗಲದ ಬೆಳಕನ್ನು ಕಲೆಯ ಮೇಲಷ್ಟೇ ಬೀಳಿಸಿ ಸುತ್ತಲಿನ ಒಳ್ಳೆಯ ಚರ್ಮವನ್ನು ಹಾಗೆಯೇ ಬಿಡಬಹುದು. ಅದರಿಂದಾಗಿ ದಪ್ಪನೆಯ ಕಲೆಗೆ ಹೆಚ್ಚು ಪ್ರಮಾಣವನ್ನೂ ಕೊಡಬಹುದು. ಅದೇ ಅದರ ಮಿತಿಯೂ ಹೌದು. ನಮ್ಮ ಬೆರಳುಗಳೂ ಸೇರಿದಂತೆ ಒಂದು ಹಸ್ತದ ಅಗಲ ಮೈಯ ಚರ್ಮದ ಸುಮಾರು ಶೇಕಡಾ 1 ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅಂಥ ಹತ್ತು ಹಸ್ತಗಳಿಗಿಂತ ಹೆಚ್ಚು ಜಾಗಕ್ಕೆ ರೋಗ ಹರಡಿದ್ದರೆ ಬಿಲ್ಲೆ ಬಿಲ್ಲೆಯಾಗಿ ಲೇಸರ್ ಕೊಡಿಸುತ್ತ ಕೂರುವುದಕ್ಕಿಂತ ಇಡೀ ಮೈಗೆ ಕೊಡುವ ಬೆಳಕು ಅಥವಾ ಒಳಗೆ ತೆಗೆದುಕೊಳ್ಳುವ ಔಷಧಿಯ ಬಗ್ಗೆ ಮಾತಾಡುವುದು ಸರಿ. ಬೆಳಿಗ್ಗೆ ಎದ್ದಾಗ ಬೆರಳಿನ ಗಂಟುಗಳು ಬಿಗಿದು ನೋಯುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಸೋರಿಯಾಸಿಸ್ ಕೀಲುಗಳಿಗೂ ಇಳಿಯುತ್ತದೆ. ಕೀಲಿಗೆ ಲೇಸರೂ ಮುಲಾಮೂ ಏನನ್ನೂ ಮಾಡಲಾರವು.

ಇನ್ನೊಂದು ಎಚ್ಚರಿಕೆ ಮುಂಬಯಿಯ ಮಳೆಗಾಲಕ್ಕೆ ಸೇರಿದ್ದು. ಒದ್ದೆ ಬಟ್ಟೆಯಲ್ಲಿ ದಿನ ಕಳೆಯುವ ನಮ್ಮೂರಿನವರಲ್ಲಿ ಗಜಕರ್ಣ ಬಹಳ. ಮೆಡಿಕಲ್ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಮಿಶ್ರಣದ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ ಗಜಕರ್ಣ ತನ್ನ ರೂಪ ಕಳೆದುಕೊಂಡು ಸೋರಿಯಾಸಿಸ್‌ನಂತೆಯೂ ಕಾಣಬಹುದು. ಅದಕ್ಕೆ ಬೇಕಾದ ಮದ್ದು ಪೂರ್ತಿ ಬೇರೆ. ಚರ್ಮರೋಗ ತಜ್ಞರು ಕಣ್ಣಿನಿಂದ ನೋಡಿ, ಬೇಕಿದ್ದರೆ ಚಕ್ಕೆಯನ್ನು ಕೆರೆದು ಪರೀಕ್ಷಿಸಿ, ಇದು ಸೋರಿಯಾಸಿಸ್ಸೇ ಎಂದು ಹೇಳಿದ ಮೇಲೆಯೇ ಮುಂದಿನ ಮಾತು. ಪರೇಲಿನ ಕೆಇಎಂ, ಸಯನ್, ನಾಯರ್, ಜೆಜೆ ಮೊದಲಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಸಾಲು ಉದ್ದವಾದರೂ ರೋಗ ಯಾವುದೆಂದು ಖಚಿತಪಡಿಸಿಕೊಳ್ಳಲು ಅಲ್ಲಿಗೆ ಹೋಗುವುದರಲ್ಲಿ ನಷ್ಟವಿಲ್ಲ.

ಎರಡೂ ಏಕೆ ಬೇಕು

ಆರೋಗ್ಯವಂತ ಚರ್ಮದಲ್ಲಿ ಕೆಳಗೆ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ಕೆಲವೇ ದಿನಗಳಲ್ಲಿ ಅದು ಮುಗಿಯುತ್ತದೆ. ಬಲಿಯದ ಕೋಶಗಳೇ ಪದರ ಪದರವಾಗಿ ಸೇರಿ ಬೆಳ್ಳಿಯ ಬಣ್ಣದ ಚಕ್ಕೆಯಾಗುತ್ತವೆ. ಈ ಅವಸರಕ್ಕೆ ಕಾರಣ ದೇಹದ ರಕ್ಷಣೆಗಾಗಿ ಇರುವ ಟಿ ಕೋಶಗಳು ದಾರಿ ತಪ್ಪಿ ಚರ್ಮದಲ್ಲಿ ಉರಿಯೂತ ಎಬ್ಬಿಸುವುದು. ಲೇಸರಿನ ಬೆಳಕು ಆ ಟಿ ಕೋಶಗಳನ್ನು ಅಲ್ಲಿಯೇ ಸಾಯಿಸುತ್ತದೆ. ಸ್ಟಿರಾಯ್ಡ್ ಮುಲಾಮು ಉರಿಯೂತವನ್ನು ಬೇಗ ತಗ್ಗಿಸುತ್ತದೆ. ಡಿ ವಿಟಮಿನ್ ಬಗೆಯ ಕ್ಯಾಲ್ಸಿಪೊಟ್ರಿಯೋಲ್ ಕೋಶಗಳ ಅವಸರವನ್ನು ನಿಧಾನಗೊಳಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲ ಮೇಲಿನ ಚಕ್ಕೆಯನ್ನು ಸಡಿಲಿಸುತ್ತದೆ. ಒಂದೊಂದೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗುವುದರಿಂದ, ಕ್ರಮವಾಗಿ ಬಳಸಿದರೆ ಬೆಳಕಿನ ಒಟ್ಟು ಪ್ರಮಾಣವೂ ಕಡಿಮೆ ಸಾಕಾಗಬಹುದು, ಸ್ಟಿರಾಯ್ಡ್ ಹಚ್ಚುವ ದಿನಗಳೂ ಕಡಿಮೆಯಾಗಬಹುದು. ಬೆಳಕನ್ನೂ ಲೇಪನವನ್ನೂ ಜೋಡಿಸುವುದು ಹೊಸ ವಿಚಾರವೇನಲ್ಲ: 1925ರಲ್ಲಿಯೇ ಅಮೆರಿಕದ ವೈದ್ಯ ಗೋಕರ್‌ಮನ್ ಕಲ್ಲಿದ್ದಲ ಟಾರಿನ ಲೇಪನಕ್ಕೆ ನೇರಳಾತೀತ ಬೆಳಕನ್ನು ಸೇರಿಸಿ ಕೊಟ್ಟಿದ್ದರು.

ಲೇಸರಿಗೆ ಹೋಗುವ ದಿನ

ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ಬೆಳಕಿನ ಮೊದಲು ಚರ್ಮ ಬರಿದಾಗಿರಬೇಕು, ಮುಲಾಮು ಬೆಳಕಿನ ನಂತರ. ಲೇಸರ್ ದಿನ ಬೆಳಿಗ್ಗೆ ಸಾಧಾರಣ ಸಾಬೂನಿನಿಂದ ಕಲೆಯ ಜಾಗವನ್ನು ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಂಡು, ಏನನ್ನೂ ಹಚ್ಚದೆ ಹೊರಡಬೇಕು. ಸ್ಯಾಲಿಸಿಲಿಕ್ ಆಮ್ಲ ಬೇಡ, ಕ್ಯಾಲ್ಸಿಪೊಟ್ರಿಯೋಲ್ ಬೇಡ, ವ್ಯಾಸಲೀನ್ ಬೇಡ. ದಪ್ಪ ಜಿಡ್ಡು ಯಾವುದಾದರೂ ಯುವಿಬಿಗೆ ಅಡ್ಡ ಬರುತ್ತದೆ. ಕ್ಯಾಲ್ಸಿಪೊಟ್ರಿಯೋಲ್‌ಗೆ ಇನ್ನೊಂದು ತೊಡಕಿದೆ: ಅದು ಬೆಳಕಿಗೆ ಅಡ್ಡವಾಗುವುದಷ್ಟೇ ಅಲ್ಲ, ನೇರಳಾತೀತ ಕಿರಣ ಬಿದ್ದರೆ ತಾನೇ ಕೆಟ್ಟು ಬಲ ಕಳೆದುಕೊಳ್ಳಬಹುದು. ಹೀಗೆ ಮೊದಲೇ ಹಚ್ಚಿದರೆ ಲೇಸರಿನ ಹಣವೂ ಟ್ಯೂಬಿನ ಹಣವೂ ಒಟ್ಟಿಗೇ ಹೋಗುತ್ತವೆ.

ಚಕ್ಕೆ ದಪ್ಪವಾಗಿದ್ದರೆ ಅದನ್ನು ಸಡಿಲಿಸುವ ಕೆಲಸವನ್ನು ಲೇಸರ್ ಇಲ್ಲದ ದಿನಗಳ ರಾತ್ರಿಗೆ ಇಟ್ಟುಕೊಂಡು, ಬೆಳಿಗ್ಗೆ ಚೆನ್ನಾಗಿ ತೊಳೆದುಬಿಡಬೇಕು. ಉಗುರಿನಿಂದ ಕೆರೆದು ತೆಗೆಯಲೇಬಾರದು. ಕೆರೆದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ರಕ್ತ ಒಸರುವುದು ಒಂದು ಕಡೆಯಾದರೆ, ಗಾಯವಾದಲ್ಲಿಯೇ ಹೊಸ ಸೋರಿಯಾಸಿಸ್ ಏಳುವುದು ಈ ರೋಗದ ಸ್ವಭಾವ. ವೈದ್ಯರು ಇದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ. ಕ್ಲಿನಿಕ್ಕಿನಲ್ಲಿ ಕೆಲವೊಮ್ಮೆ ತಂತ್ರಜ್ಞರೇ ಚಕ್ಕೆಯ ಮೇಲೆ ತೆಳ್ಳಗೆ ಮಿನರಲ್ ಆಯಿಲ್ ಸವರುತ್ತಾರೆ. ಅದು ಬೇರೆ ವಿಷಯ: ತೆಳುವಾದ ಆ ಎಣ್ಣೆ ಚಕ್ಕೆಯ ಹೊಳಪನ್ನು ತಗ್ಗಿಸಿ, ಬೆಳಕು ಹಿಂದಕ್ಕೆ ಚಿಮ್ಮದೆ ಒಳಗಿಳಿಯುವಂತೆ ಮಾಡುತ್ತದೆ. ಅವರು ಹಾಕಿದರೆ ಹಾಕಲಿ, ನಾವು ಮನೆಯಿಂದ ಹಚ್ಚಿಕೊಂಡು ಹೋಗುವುದು ಬೇಡ.

ನೆತ್ತಿಯ ವಿಷಯದಲ್ಲಿ ನಮ್ಮವರಿಗೆ ಇದು ಕಷ್ಟ. ತಲೆಗೆ ಕೊಬ್ಬರಿ ಎಣ್ಣೆಯಿಲ್ಲದೆ ಹೊರಗೆ ಕಾಲಿಡದ ಮನೆಗಳಲ್ಲಿ ಬೆಳೆದವರು ನಾವು. ಎಣ್ಣೆ ಚಕ್ಕೆಯನ್ನು ಮೆತ್ತಗೆ ಮಾಡುವುದು ನಿಜ. ಅದನ್ನು ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ಶಾಂಪೂವಿನಿಂದ ತೊಳೆದುಕೊಂಡು ಹೋದರೆ ಎರಡೂ ನಡೆಯುತ್ತದೆ. ಕೂದಲು ತಾನೇ ಬೆಳಕನ್ನು ತಡೆಯುವುದರಿಂದ, ಬಾಚಣಿಗೆಯಿಂದ ಬೈತಲೆ ತೆಗೆದಂತೆ ಸಾಲು ಸಾಲಾಗಿ ಕೂದಲನ್ನು ಸರಿಸಿ ಬೆಳಕು ಕೊಡಬೇಕಾಗುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಅವಸರ ಮಾಡುವ ಕಡೆ ನೆತ್ತಿಗೆ ಲೇಸರ್ ಕೊಡಿಸುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಅನಿಸಿಕೆ.

ಲೇಸರ್ ಹೊತ್ತಿನಲ್ಲಿ ನಮ್ಮ ಕಣ್ಣಿಗೂ ಕೊಡುವವರ ಕಣ್ಣಿಗೂ ರಕ್ಷಣೆಯ ಕನ್ನಡಕ ಇರಲೇಬೇಕು. ಮೊದಲ ಪ್ರಮಾಣವನ್ನು ವೈದ್ಯರು ಕಲೆಯ ದಪ್ಪ ಮತ್ತು ಚರ್ಮದ ಬಣ್ಣ ನೋಡಿ ನಿರ್ಧರಿಸುತ್ತಾರೆ, ಇಲ್ಲವೇ ಒಳ್ಳೆಯ ಚರ್ಮದ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಬೇರೆ ಬೇರೆ ಪ್ರಮಾಣ ಕೊಟ್ಟು 24 ಗಂಟೆಯ ನಂತರ ಯಾವುದು ಕೆಂಪಾಯಿತೆಂದು ನೋಡುತ್ತಾರೆ. ಹಾಗೆ ಕರೆದಿದ್ದರೆ ಮರುದಿನ ತಪ್ಪದೆ ಹೋಗಬೇಕು.

ಲೇಸರ್ ಆದ ಮೇಲೆ

ಆ ಸಂಜೆ ಜಾಗ ಸ್ವಲ್ಪ ಬೆಚ್ಚಗಾಗಿ, ಬಿಸಿಲಿಗೆ ನಿಂತು ಬಂದಂತೆ ಅನ್ನಿಸುವುದು ಸಹಜ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಕಪ್ಪಾಗುವುದು, ಮುಟ್ಟಿದರೆ ಬಿಸಿಯೆನಿಸುವುದು, ಬಟ್ಟೆ ತಾಗಿದರೆ ಚುರುಗುಟ್ಟುವುದು, ಇವನ್ನೇ ಗುರುತಾಗಿ ಹಿಡಿಯಬೇಕು. ಬಿಸಿನೀರಿನ ಸ್ನಾನವನ್ನೂ ಬಿಗಿಯಾದ ಬಟ್ಟೆಯನ್ನೂ ಅಂದು ಬಿಡುವುದು ಒಳ್ಳೆಯದು. ಆ ಬಿಸಿ ಇಳಿದ ನಂತರ, ಮಲಗುವ ಮೊದಲು, ವೈದ್ಯರು ಬರೆದ ಮುಲಾಮನ್ನು ಹಚ್ಚಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ. ಅಷ್ಟು ಎರಡು ಹಸ್ತದಗಲದ ಜಾಗಕ್ಕೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ಗುಣ ಎಂಬುದು ಮುಲಾಮಿನ ವಿಷಯದಲ್ಲಿ ಸುಳ್ಳು.

ಗುಳ್ಳೆ ಎದ್ದರೆ, ಅಥವಾ ನೋವು ಮರುದಿನಕ್ಕೂ ಉಳಿದರೆ, ಮುಂದಿನ ಸಲ ಲೇಸರಿಗೆ ಮಲಗುವ ಮೊದಲೇ ಹೇಳಬೇಕು. ಆಗ ಆ ಜಾಗವನ್ನು ಬಿಟ್ಟು, ಗುಣವಾದ ಮೇಲೆ ಪ್ರಮಾಣವನ್ನು ಇಳಿಸಿ ಮುಂದುವರಿಸುತ್ತಾರೆ. ಏನೂ ಆಗಿಲ್ಲವೆಂದರೆ ಏರಿಸುತ್ತಾರೆ. ಎಂದರೆ ಪ್ರತಿ ಸಲದ ಪ್ರಮಾಣ ನಾವು ಹೇಳುವ ಮಾತಿನ ಮೇಲೆ ನಿಂತಿದೆ. ಊರಿನಿಂದ ಚಿಕಿತ್ಸೆಗೆಂದು ಬಂದ ನನ್ನ ದೊಡ್ಡಮ್ಮನನ್ನು ತಂತ್ರಜ್ಞೆ ಮರಾಠಿಯಲ್ಲಿ "ಜಳಜಳ ಹೋತೇ ಕಾ?" ಎಂದು ಕೇಳಿದಾಗ, ಅರ್ಥವಾಗದೆಯೂ ಮರ್ಯಾದೆಗೆಂದೂ ಅವರು ತಲೆಯಾಡಿಸಿ ನಕ್ಕುಬಿಟ್ಟರು. ಉರಿಯುತ್ತದೆಯೇ ಎಂಬುದು ಆ ಪ್ರಶ್ನೆ. ಹಿಂದಿನ ಸಲದ ಜಾಗ ಎರಡು ದಿನ ಉರಿದಿದ್ದುದನ್ನು ಅವರು ನನಗೂ ಹೇಳಿರಲಿಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಒಳಗಿನವರೆಗೂ ಜೊತೆಗೆ ಹೋಗಿ. ಜಳಜಳ ಎಂದರೆ ಉರಿ, ಖಾಜ್ ಎಂದರೆ ತುರಿಕೆ ಎಂಬಷ್ಟನ್ನಾದರೂ ಅವರಿಗೆ ಮೊದಲೇ ಹೇಳಿಕೊಡಿ.

ವಾರದ ಲೆಕ್ಕ

ಲೇಸರ್ ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ 48 ಗಂಟೆಗಳ ಅಂತರದಲ್ಲಿ. ನನ್ನದು ಮಂಗಳವಾರ ಮತ್ತು ಶುಕ್ರವಾರದ ಸಂಜೆ ಇತ್ತು. ನನ್ನ ವೈದ್ಯರು ಕ್ಯಾಲ್ಸಿಪೊಟ್ರಿಯೋಲನ್ನು ಸೋಮವಾರದಿಂದ ಶುಕ್ರವಾರದವರೆಗೂ, ಬಲವಾದ ಸ್ಟಿರಾಯ್ಡನ್ನು ಶನಿವಾರ ಮತ್ತು ಭಾನುವಾರ ಮಾತ್ರವೂ ಬರೆದಿದ್ದರು. ಲೇಸರ್ ದಿನ ಕ್ಯಾಲ್ಸಿಪೊಟ್ರಿಯೋಲ್ ರಾತ್ರಿ ಮಾತ್ರ. ಸ್ಯಾಲಿಸಿಲಿಕ್ ಆಮ್ಲವನ್ನು ಭಾನುವಾರ ರಾತ್ರಿಗಷ್ಟೇ ಇಟ್ಟು, ಆ ರಾತ್ರಿ ಕ್ಯಾಲ್ಸಿಪೊಟ್ರಿಯೋಲ್ ಇಲ್ಲದಂತೆ ನೋಡಿಕೊಂಡರು, ಏಕೆಂದರೆ ಈ ಎರಡೂ ಒಂದೇ ಜಾಗದಲ್ಲಿ ಸೇರಿದರೆ ಆಮ್ಲವು ಕ್ಯಾಲ್ಸಿಪೊಟ್ರಿಯೋಲನ್ನು ನಿಷ್ಫಲ ಮಾಡುತ್ತದೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಲೇಸರಿಗೆ ಕೆಂಪು ಗೀರು, ಸ್ಟಿರಾಯ್ಡಿಗೆ ನೀಲಿ ಗೀರು ಎಳೆದಿಟ್ಟ ಮೇಲೆ ನನಗೆ ತಪ್ಪಿದ್ದಿಲ್ಲ. ನಿಮ್ಮ ವೈದ್ಯರ ಲೆಕ್ಕ ಬೇರೆಯಿರಬಹುದು. ಅವರದನ್ನೇ ಗೋಡೆಗೆ ಏರಿಸಿಕೊಳ್ಳಿ.

ಸ್ಟಿರಾಯ್ಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕ್ಲೋಬೆಟಾಸೋಲ್ 0.05 ಪ್ರತಿಶತದಂಥ ಅತಿ ಬಲವಾದ ಮುಲಾಮನ್ನು ವೈದ್ಯರು ನಿಗದಿ ಮಾಡಿದ ದಿನಗಳಿಗಿಂತ ಹೆಚ್ಚು ಬಳಸಬಾರದು. ಅದನ್ನು ಬಿಡುವಿಲ್ಲದೆ ಎರಡು ವಾರ ಮೀರಿ, ವಾರಕ್ಕೆ 50 ಗ್ರಾಂ ಮೀರಿ ಹಚ್ಚಬಾರದೆಂಬುದು ಸಾಮಾನ್ಯ ಮಿತಿ. ಮುಖ, ಕಂಕುಳು, ತೊಡೆಸಂದಿಗೆ ಅದು ಸಲ್ಲದು. ಹೆಚ್ಚಾದರೆ ಚರ್ಮ ತೆಳ್ಳಗಾಗಿ ಈರುಳ್ಳಿಯ ಸಿಪ್ಪೆಯಂತಾಗುತ್ತದೆ, ಗೀರುಗಳು ಬೀಳುತ್ತವೆ. ಲೇಸರ್ ಕೆಲಸ ಮಾಡುತ್ತಿದೆಯೋ ಸ್ಟಿರಾಯ್ಡ್ ಕೆಲಸ ಮಾಡುತ್ತಿದೆಯೋ ಎಂಬುದೂ ಆಗ ತಿಳಿಯದೆ ಹೋಗುತ್ತದೆ. ಕಲೆ ಚಪ್ಪಟೆಯಾದೊಡನೆ ದಿನಗಳನ್ನು ಇಳಿಸುತ್ತ ಬರುವುದು ಕ್ರಮ. ಒಮ್ಮೆಲೇ ನಿಲ್ಲಿಸಿದರೆ ರೋಗ ಮರುಕಳಿಸಿ ಏಳಬಹುದು.

ಟಾಜರೋಟೀನ್ ಜೆಲ್ ಬರೆದಿದ್ದರೆ ಅದು ಮೇಲ್ಪದರವನ್ನು ತೆಳುಮಾಡುವುದರಿಂದ ಅದೇ ಪ್ರಮಾಣದ ಬೆಳಕಿಗೆ ಚರ್ಮ ಸುಟ್ಟುಕೊಳ್ಳುತ್ತದೆ. ಲೇಸರ್ ಶುರುವಾದ ಮೇಲೆ ಇದನ್ನು ಆರಂಭಿಸಿದರೆ ಕೊಡುವವರಿಗೆ ತಿಳಿಸಿ ಪ್ರಮಾಣ ತಗ್ಗಿಸಿಕೊಳ್ಳಬೇಕು. ಗರ್ಭಿಣಿಯರಿಗೆ, ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಇದು ನಿಷಿದ್ಧ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಯಾರೂ ಬರೆದುಕೊಡದ ಮದ್ದು. ಬಾವಂಚಿ ಅಥವಾ ಬಾಕುಚಿ ಎಣ್ಣೆ ಚರ್ಮಕ್ಕೆ ಒಳ್ಳೆಯದೆಂದು ಊರಿನಿಂದ ಬಾಟಲಿ ತರಿಸಿ ಹಚ್ಚುವವರನ್ನು ನಾನು ಕಂಡಿದ್ದೇನೆ. ಅದರಲ್ಲಿ ಸೋರಾಲೆನ್ ಎಂಬ ವಸ್ತುವಿದೆ. ಅದು ನೇರಳಾತೀತ ಬೆಳಕಿಗೆ ಚರ್ಮವನ್ನು ಅತಿಯಾಗಿ ಸೂಕ್ಷ್ಮಗೊಳಿಸಿ ಬೊಬ್ಬೆ ಬರಿಸುವಷ್ಟು ಸುಡಬಲ್ಲದು. ಅದನ್ನು ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ಹೋಗುವುದೇ ಅಪಾಯ, ಲೇಸರಿನ ಜೊತೆಗಂತೂ ಕೂಡದು. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಮೊದಲ ದಿನವೇ ಒಪ್ಪಿಸಿ: ಡಾಕ್ಸಿಸೈಕ್ಲಿನ್‌ನಂಥ ಕೆಲವು ಮದ್ದುಗಳು ಬೆಳಕಿಗೆ ಸೂಕ್ಷ್ಮತೆ ತರುತ್ತವೆ; ಮನೋರೋಗಕ್ಕೆ ಕೊಡುವ ಲಿಥಿಯಂ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು ಸೋರಿಯಾಸಿಸ್ಸನ್ನೇ ಕೆರಳಿಸಬಹುದು. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಬಿಸಿಲಿಗೆ ಕೆರಳುವ ಲೂಪಸ್ ಎಂಬ ರೋಗ ಇರುವವರು, ಚರ್ಮದ ಕ್ಯಾನ್ಸರ್ ಆಗಿದ್ದವರು ಅದನ್ನು ಮುಚ್ಚಿಡಬಾರದು.

ಕೈಯಲ್ಲಿ ಕೆಲಸವಿರುವವರಿಗೆ

ಮಾಟುಂಗ, ಘಾಟ್ಕೋಪರಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕುಂದಾಪುರ, ಉಡುಪಿ ಕಡೆಯ ಹುಡುಗರ ಅಂಗೈ ಸೋರಿಯಾಸಿಸ್ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ. ಇಡೀ ದಿನ ಸಾಬೂನು ನೀರು, ಕಾವಲಿಯ ಬಿಸಿ, ಉಜ್ಜುವ ಬ್ರಷ್ಷು. ಒಡೆದ ಅಂಗೈ ಕೂಡಿಕೊಳ್ಳಲು ಪುರಸೊತ್ತೇ ಇಲ್ಲ. ಲೇಸರ್ ಎಷ್ಟು ಕೊಡಿಸಿದರೂ ಮರುದಿನ ಪಾತ್ರೆಯ ತೊಟ್ಟಿಗೆ ಬರಿಗೈ ಹಾಕಿದರೆ ಗುಣ ನಿಲ್ಲುವುದಿಲ್ಲ. ಒಳಗೆ ಹತ್ತಿಯ ಕೈಗವಸು, ಹೊರಗೆ ರಬ್ಬರಿನದು ಹಾಕಿಕೊಳ್ಳಲು, ಚಿಕಿತ್ಸೆ ಮುಗಿಯುವವರೆಗೆ ಬೇರೆ ಕೆಲಸಕ್ಕೆ ಹಾಕಲು ಮಾಲಕರನ್ನು ಕೇಳುವುದರಲ್ಲಿ ತಪ್ಪಿಲ್ಲ. ಇದು ಅಂಟುರೋಗವಲ್ಲ. ಒಂದೇ ಕೋಣೆಯಲ್ಲಿ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಇನ್ನೊಬ್ಬರಿಗೆ ಬರುವುದಿಲ್ಲ ಎಂಬುದನ್ನು ಮಾಲಕರಿಗೂ ಕೋಣೆಯವರಿಗೂ ವೈದ್ಯರ ಬಾಯಿಂದಲೇ ಹೇಳಿಸಬಹುದು. ಅಂಗೈ ಮತ್ತು ಅಂಗಾಲಿನ ಚರ್ಮ ದಪ್ಪವಾದ್ದರಿಂದ ಮೊಣಕೈಗಿಂತ ಹೆಚ್ಚು ಸಲ ಬೆಳಕು ಬೇಕಾಗುತ್ತದೆ. ಹಣವನ್ನೂ ರಜೆಯನ್ನೂ ಆ ಲೆಕ್ಕದಲ್ಲಿ ಜೋಡಿಸಿಕೊಂಡೇ ಆರಂಭಿಸುವುದು ಮೇಲು. ಆಸ್ಪತ್ರೆಯಲ್ಲಿ ಮಲಗದೆ ಪಡೆಯುವ ಈ ಚಿಕಿತ್ಸೆಗೆ ಮೆಡಿಕ್ಲೇಮ್ ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ದರ ಒಂದು ಸಲಕ್ಕೋ, ಜಾಗದ ಅಗಲಕ್ಕೋ ಎಂಬುದನ್ನು ಬರೆಸಿಕೊಳ್ಳಬೇಕು.

ತಪ್ಪಿದರೆ, ಮುಗಿದರೆ, ಮರಳಿದರೆ

ಮಳೆಗೆ ಲೋಕಲ್ ನಿಂತು ಒಂದು ದಿನ ತಪ್ಪಿದರೆ ಗಾಬರಿಯಿಲ್ಲ. ಎರಡು ದಿನದ್ದನ್ನು ಒಂದೇ ದಿನ ಕೊಡಿ ಎಂದು ಮಾತ್ರ ಕೇಳಬಾರದು. ಎರಡು ಮೂರು ವಾರ ತಪ್ಪಿದ್ದರೆ ಹಳೆಯ ಪ್ರಮಾಣದಿಂದ ಆರಂಭಿಸದೆ ಇಳಿಸಿ ಆರಂಭಿಸುತ್ತಾರೆ. ಎಷ್ಟು ದಿನ ತಪ್ಪಿತೆಂದು ಸರಿಯಾಗಿ ಹೇಳಬೇಕು. ಬಹಳ ಜನರಲ್ಲಿ ಹತ್ತು ಹನ್ನೆರಡು ಸಲದೊಳಗೆ ಬದಲಾವಣೆ ಕಾಣುತ್ತದೆ: ಮೊದಲು ಚಕ್ಕೆ ನಿಲ್ಲುತ್ತದೆ, ಆಮೇಲೆ ಉಬ್ಬು ಇಳಿಯುತ್ತದೆ, ಕೊನೆಗೆ ಬಣ್ಣ. ನಮ್ಮ ಚರ್ಮದಲ್ಲಿ ಕಲೆಯಿದ್ದ ಜಾಗ ಕೆಲವು ತಿಂಗಳು ಕಪ್ಪಾಗಿ ಉಳಿಯುತ್ತದೆ. ಅದು ರೋಗವಲ್ಲ. ಬೆರಳಾಡಿಸಿದರೆ ನುಣುಪಾಗಿದ್ದರೆ ಅಲ್ಲಿ ಸ್ಟಿರಾಯ್ಡ್ ಹಚ್ಚುತ್ತ ಹೋಗಬೇಕಾದ ಕಾರಣವಿಲ್ಲ, ತೇವ ಕಾಯುವ ಸಾದಾ ಲೇಪನ ಸಾಕು. ಹತ್ತು ಸಲವಾದರೂ ಚಕ್ಕೆಯೇ ನಿಂತಿಲ್ಲವೆಂದರೆ ಸುಮ್ಮನೆ ಎಣಿಕೆ ಮುಂದುವರಿಸದೆ ವೈದ್ಯರೊಡನೆ ಕುಳಿತು, ಹಚ್ಚುವ ಕ್ರಮದಿಂದ ಹಿಡಿದು ರೋಗ ಗುರುತಿಸಿದ್ದರವರೆಗೆ ಮತ್ತೆ ನೋಡಿಸಬೇಕು.

ಸೋರಿಯಾಸಿಸ್ ಬೇರುಸಹಿತ ಹೋಗುವ ಕಾಯಿಲೆಯಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಸುಮ್ಮನಿದ್ದು ಮರಳುತ್ತದೆ. ಗಂಟಲು ಸೋಂಕಿನ ನಂತರ, ಚಳಿಯ ಒಣ ಹವೆಯಲ್ಲಿ, ಮದ್ಯ ಮತ್ತು ಬೀಡಿ ಸಿಗರೇಟಿನ ಅಭ್ಯಾಸವಿರುವವರಲ್ಲಿ ಮರಳುವುದು ಹೆಚ್ಚು. ನನ್ನ ಎಡ ಮೊಣಕಾಲಿನಲ್ಲಿ ಹದಿನಾಲ್ಕು ತಿಂಗಳ ಮೇಲೆ ಎಂಟಾಣೆಯಷ್ಟಗಲ ಮತ್ತೆ ಕಾಣಿಸಿಕೊಂಡಿತು. ಮೊದಲ ಸಲದ ಲೇಸರ್ ಕಾರ್ಡನ್ನು, ಎಂದರೆ ಯಾವ ದಿನ ಎಷ್ಟು ಪ್ರಮಾಣ ಕೊಟ್ಟರು, ಯಾವಾಗ ಉರಿಯಿತು ಎಂಬ ಬರಹವಿದ್ದ ಆ ಕಾಗದವನ್ನು ನಾನು ರೇಷನ್ ಕಾರ್ಡಿನ ಜೊತೆಗೆ ಎತ್ತಿಟ್ಟಿದ್ದೆ. ವೈದ್ಯರು ಅದನ್ನು ನೋಡಿ, ಹುಡುಕಾಟವಿಲ್ಲದೆ ನನ್ನ ಚರ್ಮ ತಾಳುವ ಪ್ರಮಾಣದ ಹತ್ತಿರದಿಂದಲೇ ಆರಂಭಿಸಿದರು; ಅಂದು ನಾನು ಮೊಣಕಾಲನ್ನು ಬರೀ ನೀರು ಸಾಬೂನಿನಿಂದ ತೊಳೆದುಕೊಂಡು ಹೋಗಿದ್ದೆ.